ನೋಡಿ ಕಲಿ, ಮಾಡಿ ತಿಳಿ: ಆಟಿಸಂ ಇರುವ ಮಕ್ಕಳ ಸ್ವಾವಲಂಬನೆಗೆ ತಂತ್ರಜ್ಞಾನದ ನೆರವು

ಇಂದು ಬೆಳಿಗ್ಗೆ ಎದ್ದು ಹಲ್ಲುಜ್ಜಿದಿರಲ್ಲ, ಅದರಲ್ಲಿ ಎಷ್ಟು ಕೆಲಸಗಳಿದ್ದವು ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? "ಎಷ್ಟೇನು, ಒಂದೇ ಕೆಲಸ" ಎನ್ನುವಿರಿ. ಆದರೆ ನಿಧಾನವಾಗಿ ಎಣಿಸಿ ನೋಡಿ. ಬ್ರಷ್ಷನ್ನು ಕೈಗೆತ್ತಿಕೊಂಡಿರಿ. ಅದನ್ನು ಒದ್ದೆ ಮಾಡಿದಿರಿ. ಪೇಸ್ಟಿನ ಮುಚ್ಚಳ ತಿರುಗಿಸಿ ತೆಗೆದಿರಿ. ಬೇಕಾದಷ್ಟೇ ಹಿಂಡಿದಿರಿ. ಮುಂದಿನ ಹಲ್ಲು, ಎಡ ದವಡೆ, ಬಲ ದವಡೆ, ಒಳಬದಿ ಎಂದು ಒಂದೊಂದನ್ನೂ ಉಜ್ಜಿದಿರಿ. ನೊರೆಯನ್ನು ನುಂಗದೆ ಉಗುಳಿದಿರಿ. ಬಾಯಿ ಮುಕ್ಕಳಿಸಿದಿರಿ. ಬ್ರಷ್ಷನ್ನು ತೊಳೆದು ಅದರ ಜಾಗದಲ್ಲಿಟ್ಟು ಮುಖ ಒರೆಸಿಕೊಂಡಿರಿ. ಹತ್ತಕ್ಕಿಂತ ಹೆಚ್ಚು ಕೆಲಸಗಳು ಒಂದರ ಹಿಂದೊಂದು ತಪ್ಪದೆ ನಡೆದವು. ಬಾಲ್ಯದಲ್ಲಿ ಯಾರೋ ನಮಗೆ ಕಲಿಸಿದರು. ಈಗ ಅದು ನಮ್ಮ ಕೈಗೆ ಕಲಿತುಹೋಗಿದೆ, ಮನಸ್ಸಿಗೆ ಅದರ ಭಾರವೇ ಇಲ್ಲ.

ಆದರೆ ನಮ್ಮ ನಡುವೆಯೇ ಬೆಳೆಯುತ್ತಿರುವ ಕೆಲವು ಮಕ್ಕಳಿಗೆ ಈ ಹತ್ತು ಹೆಜ್ಜೆಗಳು ಒಂದು ಬೆಟ್ಟ. ಅವರಿಗೆ ಬುದ್ಧಿಯಿಲ್ಲವೆಂದಲ್ಲ, ಹಟವೆಂದೂ ಅಲ್ಲ. ಲೋಕವನ್ನು ಕಾಣುವ, ಕೇಳುವ, ಅರಿಯುವ ಅವರ ರೀತಿ ಬೇರೆ. ಆಟಿಸಂ ಅಥವಾ ಸ್ವಲೀನತೆ ಇರುವ ಈ ಮಕ್ಕಳ ತಂದೆತಾಯಿಗಳ ಎದೆಯಲ್ಲಿ ಒಂದು ಪ್ರಶ್ನೆ ಹಗಲಿರುಳೂ ಕುಳಿತಿರುತ್ತದೆ: "ನಾವಿರುವ ತನಕ ನಾವೇ ಮೀಯಿಸುತ್ತೇವೆ, ಉಣಿಸುತ್ತೇವೆ. ನಮ್ಮ ನಂತರ ಯಾರು?" ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಉತ್ತರದ ಮೊದಲ ತುಂಡು ಮನೆಯ ಬಚ್ಚಲಿನಲ್ಲಿಯೇ ಇದೆ. ಆ ಮಗು ತನ್ನ ಕೈಯನ್ನು ತಾನೇ ತೊಳೆಯಲು ಕಲಿತ ದಿನ, ಆ ಪ್ರಶ್ನೆಯ ಭಾರ ಒಂದು ತೂಕ ಇಳಿಯುತ್ತದೆ. ಇದನ್ನು ಕಲಿಸುವುದರಲ್ಲಿ ಇಂದು ಎಲ್ಲರ ಕೈಯಲ್ಲಿರುವ ಮೊಬೈಲು, ಟ್ಯಾಬ್ಲೆಟ್‌ಗಳು ಹೇಗೆ ನೆರವಾಗಬಲ್ಲವು, ಎಲ್ಲಿ ದಾರಿ ತಪ್ಪಿಸಬಲ್ಲವು ಎಂಬುದನ್ನು ತಿಳಿಯೋಣ.

ಆಟಿಸಂ ಎಂದರೇನು?

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಇತರರೊಡನೆ ಬೆರೆಯುವುದರಲ್ಲಿ ತೊಡಕು, ಮಾತಿನ ಬಳಕೆಯಲ್ಲಿ ವ್ಯತ್ಯಾಸ, ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ತೀವ್ರ ಬಯಕೆ, ಇವು ಆ ಮಕ್ಕಳಲ್ಲಿ ಸಮಾನವಾಗಿ ಕಂಡವು. ಅಂದಿನಿಂದ ಆಟಿಸಂ ಎಂಬ ಹೆಸರು ವೈದ್ಯಲೋಕದಲ್ಲಿ ಈ ಅರ್ಥದಲ್ಲಿ ನೆಲೆಗೊಂಡಿತು. ಎಲ್ಲ ಮಕ್ಕಳಲ್ಲಿಯೂ ಅದು ಒಂದೇ ಬಗೆಯಲ್ಲಿರುವುದಿಲ್ಲ. ಒಂದು ಮಗು ನಿರರ್ಗಳವಾಗಿ ಮಾತನಾಡಬಹುದು, ಇನ್ನೊಂದು ಮಾತೇ ಆಡದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹಾಗಾದರೆ ನಮ್ಮ ಊರಿನಲ್ಲಿ, ನಮ್ಮ ಬೀದಿಯಲ್ಲಿ ಇಂತಹ ಮಗುವಿಲ್ಲ ಎನ್ನುವಂತಿಲ್ಲ, ಅಲ್ಲವೇ?

ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂಬ ಕ್ರೂರವಾದ ವಾದವೊಂದು 1950 ಮತ್ತು 60ರ ದಶಕಗಳಲ್ಲಿ ಪ್ರಚಲಿತವಾಗಿತ್ತು. ಸಂಶೋಧನೆ ಅದನ್ನು ಸಂಪೂರ್ಣವಾಗಿ ತಳ್ಳಿಹಾಕಿದೆ. ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಯಾರ ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ. ಇಂದಿಗೂ ನೆಂಟರ ನಡುವೆ ತಲೆತಗ್ಗಿಸಿ ಕೂರುವ ತಾಯಂದಿರಿಗೆ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಸಣ್ಣ ಕೆಲಸ ಏಕೆ ಕಷ್ಟ?

ಮೊದಲನೆಯ ಕಾರಣ, ಹೆಜ್ಜೆಗಳ ಕ್ರಮ. "ಹೋಗಿ ಕೈ ತೊಳೆದು ಬಾ" ಎಂಬುದು ನಮಗೆ ಒಂದು ಮಾತು. ಆ ಮಗುವಿಗೆ ಎಲ್ಲಿಂದ ಆರಂಭಿಸಬೇಕು, ಮುಂದೇನು, ಎಲ್ಲಿ ಮುಗಿಯಿತು ಎಂಬುದು ತಿಳಿಯದೆ ನಲ್ಲಿಯ ಮುಂದೆ ನೀರನ್ನೇ ನೋಡುತ್ತ ನಿಲ್ಲಬಹುದು.

ಎರಡನೆಯದು, ಇಂದ್ರಿಯಗಳ ಸೂಕ್ಷ್ಮತೆ. ನಮಗೆ ತಂಪೆನಿಸುವ ಪುದೀನ ಪೇಸ್ಟು ಅದರ ನಾಲಿಗೆಗೆ ಉರಿಯಾಗಬಹುದು. ತಲೆಯ ಮೇಲೆ ಒಮ್ಮೆಲೇ ಸುರಿಯುವ ಚೊಂಬಿನ ನೀರು ಬಡಿತದಂತೆ ತಾಗಬಹುದು. ಅಂಗಿಯ ಕುತ್ತಿಗೆಯ ಬಳಿಯ ಪಟ್ಟಿ ಚುಚ್ಚಬಹುದು. ಮಗು ಚೀರಿದಾಗ ನಾವು ಅದನ್ನು ಹಟವೆಂದು ಗದರುತ್ತೇವೆ. ಅದು ತನ್ನ ನೋವನ್ನು ತನಗೆ ತಿಳಿದ ಭಾಷೆಯಲ್ಲಿ ಹೇಳುತ್ತಿರುತ್ತದೆ.

ಮೂರನೆಯದು, ಮಾತಿನ ಮೂಲಕ ಕಲಿಯುವುದರಲ್ಲಿನ ತೊಡಕು. ನಾವು ಆಡಿದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಅದನ್ನು ಹಿಡಿದಿಟ್ಟು, ಅರ್ಥಮಾಡಿಕೊಂಡು, ಕೈಯಿಂದ ಮಾಡುವಷ್ಟರಲ್ಲಿ ನಾವು ಇನ್ನೆರಡು ಮಾತು ಆಡಿಬಿಟ್ಟಿರುತ್ತೇವೆ. ಜೊತೆಗೆ ನಮ್ಮ ಮುಖಭಾವ, ದನಿಯ ಏರಿಳಿತ, ಅವಸರ ಎಲ್ಲವೂ ಸೇರಿ ಮಗುವಿನ ಗೊಂದಲ ಹೆಚ್ಚುತ್ತದೆ.

ಕಣ್ಣಿನ ದಾರಿ

ಮಾತು ಕರಗುತ್ತದೆ, ಚಿತ್ರ ಉಳಿಯುತ್ತದೆ. ಆಟಿಸಂ ಇರುವ ಅನೇಕ ಮಕ್ಕಳು ಕಿವಿಗಿಂತ ಕಣ್ಣಿನಿಂದ ಚೆನ್ನಾಗಿ ಕಲಿಯುತ್ತಾರೆ ಎಂಬುದನ್ನು ಶಿಕ್ಷಕರು ಬಹುಕಾಲದ ಹಿಂದೆಯೇ ಕಂಡುಕೊಂಡರು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಸಂಗಡಿಗರ ಶ್ರಮದಿಂದ ರಾಜ್ಯಮಟ್ಟದ 'ಟೀಚ್' ಕಾರ್ಯಕ್ರಮ ಆರಂಭವಾಯಿತು. ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸುವ ಪದ್ಧತಿಗೆ ಇದು ದೊಡ್ಡ ಪ್ರೇರಣೆಯಾಯಿತು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಅವರು, ಮಾತು ಬಾರದ ಮಗು ಚಿತ್ರದ ಚೀಟಿಯನ್ನು ಕೊಟ್ಟು ತನಗೆ ಬೇಕಾದುದನ್ನು ಕೇಳುವ 'ಪೆಕ್ಸ್' ವಿಧಾನವನ್ನು ರೂಪಿಸಿದರು.

ಚಿತ್ರದಿಂದ ಚಲಿಸುವ ಚಿತ್ರಕ್ಕೆ ಬರುವುದು ಮುಂದಿನ ಹೆಜ್ಜೆ. ಯಾರೋ ಒಬ್ಬರು ಒಂದು ಕೆಲಸವನ್ನು ಸರಿಯಾಗಿ ಮಾಡುವುದನ್ನು ವಿಡಿಯೋದಲ್ಲಿ ತೋರಿಸಿ, ಮಗು ಅದನ್ನು ನೋಡಿ ಮಾಡುವಂತೆ ಪ್ರೋತ್ಸಾಹಿಸುವ ವಿಧಾನಕ್ಕೆ 'ವಿಡಿಯೋ ಮಾಡೆಲಿಂಗ್' ಎನ್ನುತ್ತಾರೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐವರು ಮಕ್ಕಳಿಗೆ ಕೆಲವು ಕೌಶಲಗಳನ್ನು ಎದುರಿಗೆ ನಿಂತು ಮಾಡಿ ತೋರಿಸಿದರು, ಇನ್ನು ಕೆಲವನ್ನು ವಿಡಿಯೋದಲ್ಲಿ ತೋರಿಸಿದರು. ಒಟ್ಟಾರೆ ವಿಡಿಯೋದಿಂದ ಕಲಿಕೆ ಬೇಗ ಆಯಿತು. 2007ರಲ್ಲಿ ಸ್ಕಾಟ್ ಬೆಲ್ಲಿನಿ ಮತ್ತು ಜೆನಿಫರ್ ಅಕುಲಿಯನ್ ಅವರು ಇಂತಹ 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಈ ವಿಧಾನ ಫಲಕಾರಿ, ಕಲಿತದ್ದು ಕಾಲ ಕಳೆದ ಮೇಲೂ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇವು ಕೆಲವೇ ಮಕ್ಕಳನ್ನು ಹತ್ತಿರದಿಂದ ಗಮನಿಸಿದ ಅಧ್ಯಯನಗಳು. ಆದ್ದರಿಂದ ಪ್ರತಿ ಮಗುವಿಗೂ ಇದು ಒಂದೇ ಸಮನೆ ಫಲ ಕೊಡುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ವಿಡಿಯೋ ಏಕೆ ನೆರವಾಗುತ್ತದೆ? ಅದು ಹತ್ತನೆಯ ಸಲವೂ ಮೊದಲ ಸಲದಂತೆಯೇ ಇರುತ್ತದೆ. ಅದಕ್ಕೆ ಬೇಸರವಿಲ್ಲ, ಸಿಡುಕಿಲ್ಲ. ಮಗು ಯಾರ ಮುಖವನ್ನೂ ನೋಡಬೇಕಾಗಿಲ್ಲ. ನೋಡಬೇಕಾದ ಕೈ, ಸೋಪು, ನೀರು ಮಾತ್ರ ಚೌಕಟ್ಟಿನೊಳಗೆ ಇರುತ್ತವೆ. "ನೋಡಿ ಕಲಿ, ಮಾಡಿ ತಿಳಿ" ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಮುಟ್ಟಿದರೆ ಉತ್ತರಿಸುವ ಪರದೆ

2010ರಲ್ಲಿ ಐಪ್ಯಾಡ್ ಬಂದ ಮೇಲೆ, ಅನಂತರ ಅಗ್ಗದ ಆಂಡ್ರಾಯ್ಡ್ ಫೋನುಗಳು ಮನೆಮನೆಗೆ ಬಂದ ಮೇಲೆ, ಮಗು ಸುಮ್ಮನೆ ನೋಡುವುದಷ್ಟೇ ಅಲ್ಲದೆ ಪರದೆಯೊಡನೆ ವ್ಯವಹರಿಸುವುದು ಸಾಧ್ಯವಾಯಿತು. ಒಂದು ಹೆಜ್ಜೆ ಮುಗಿದೊಡನೆ ಮಗು ಚಿತ್ರವನ್ನು ಮುಟ್ಟುತ್ತದೆ, ಗುರುತು ಬೀಳುತ್ತದೆ, ಮುಂದಿನ ಹೆಜ್ಜೆಯ ಚಿತ್ರ ಬರುತ್ತದೆ. ಬಟ್ಟೆ ತೊಡುವ ಆಟದಲ್ಲಿ ಮೊದಲು ಬನಿಯನ್, ಆಮೇಲೆ ಅಂಗಿ ಎಂದು ಬೆರಳಿನಿಂದ ಎಳೆದು ಜೋಡಿಸುತ್ತದೆ. ಹಲ್ಲುಜ್ಜುವ ಹೊತ್ತಿಗೆ ಬಣ್ಣದ ವೃತ್ತವೊಂದು ಕರಗುತ್ತ ಹೋಗಿ, ಇನ್ನೆಷ್ಟು ಹೊತ್ತು ಉಜ್ಜಬೇಕೆಂದು ತೋರಿಸುತ್ತದೆ. ಕೆಲಸಕ್ಕೆ ಕೊನೆಯಿದೆ ಎಂಬುದು ಕಣ್ಣಿಗೆ ಕಂಡಾಗ ಎಷ್ಟೋ ಮಕ್ಕಳ ಆತಂಕ ತಗ್ಗುತ್ತದೆ.

ಮಾತು ಬಾರದ ಮಕ್ಕಳಿಗಾಗಿ ಚಿತ್ರ ಮುಟ್ಟಿದರೆ ಮಾತನಾಡುವ ಆ್ಯಪ್‌ಗಳೂ ಇವೆ. ಚೆನ್ನೈಯಲ್ಲಿ ರೂಪುಗೊಂಡ 'ಆವಾಜ್', ಮುಂಬಯಿಯ ಐಐಟಿಯಲ್ಲಿ ಸಿದ್ಧವಾದ 'ಜೆಲ್ಲೋ' ನಮ್ಮ ದೇಶದವೇ ಆಗಿದ್ದು, ಭಾರತೀಯ ಭಾಷೆಗಳಲ್ಲಿಯೂ ಬಳಕೆಗೆ ದೊರೆಯುತ್ತವೆ. ಸ್ವಂತ ಆರೈಕೆಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? "ಶೌಚಕ್ಕೆ ಹೋಗಬೇಕು", "ನೀರು ಬಿಸಿ", "ಹೊಟ್ಟೆ ನೋವು", "ಬೇಡ" ಎಂದು ಹೇಳಬಲ್ಲ ಮಗು ತನ್ನ ದೇಹದ ಆರೈಕೆಯಲ್ಲಿ ಅರ್ಧ ದಾರಿ ನಡೆದಂತೆಯೇ.

ಮನೆಯಲ್ಲಿಯೇ ಹೇಗೆ ಮಾಡುವುದು?

ವಿದೇಶಿ ವಿಡಿಯೋಗಳಲ್ಲಿ ಸ್ನಾನದ ತೊಟ್ಟಿ, ಷವರ್, ಕಾಗದದ ಸುರುಳಿ ಕಾಣಿಸುತ್ತವೆ. ನಮ್ಮ ಮನೆಯಲ್ಲಿ ಬಕೆಟ್ಟು, ಚೊಂಬು, ಕೂರುವ ಮಣೆ, ಲಾಡಿಯ ಚಡ್ಡಿ. ಕಂಡದ್ದನ್ನು ಕಂಡಂತೆಯೇ ಹಿಡಿಯುವ ಮಗುವಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆದ್ದರಿಂದ ನಿಮ್ಮದೇ ಫೋನಿನಲ್ಲಿ, ನಿಮ್ಮದೇ ಮನೆಯಲ್ಲಿ ತೆಗೆದ ವಿಡಿಯೋ ದುಬಾರಿ ಆ್ಯಪಿಗಿಂತ ಮೇಲು. ಕೈ ತೊಳೆಯುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಹೆಜ್ಜೆಗಳನ್ನು ಬರೆದುಕೊಳ್ಳಿ. ತೋಳು ಮಡಚುವುದು, ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಚ್ಚಿ ಅದನ್ನು ಮತ್ತೆ ಜಾಗದಲ್ಲಿಡುವುದು, ಅಂಗೈ ಉಜ್ಜುವುದು, ಕೈಯ ಹಿಂಬದಿ ಮತ್ತು ಬೆರಳ ಸಂದು ಉಜ್ಜುವುದು, ನೊರೆ ಹೋಗುವ ತನಕ ತೊಳೆಯುವುದು, ನಲ್ಲಿ ನಿಲ್ಲಿಸುವುದು, ಟವೆಲಿನಿಂದ ಒರೆಸುವುದು. ಹೀಗೆ 9 ಹೆಜ್ಜೆಗಳಾದವು. ನೀವೇ ಒಮ್ಮೆ ಮಾಡಿ ನೋಡಿದರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಅನಂತರ ವಿಡಿಯೋ. ಅಣ್ಣನೋ ಅಕ್ಕನೋ ಕೈ ತೊಳೆಯಲಿ. ಫೋನನ್ನು ಅವರ ಭುಜದ ಮೇಲಿನಿಂದ ಹಿಡಿಯಿರಿ. ಆಗ ಮಗುವಿಗೆ ತನ್ನದೇ ಕಣ್ಣಿನಿಂದ ತನ್ನದೇ ಕೈಗಳನ್ನು ನೋಡಿದಂತೆ ಕಾಣುತ್ತದೆ. ಹಿನ್ನೆಲೆಯಲ್ಲಿ ಟಿ.ವಿ. ಬೇಡ, ಹಾಡು ಬೇಡ. ಒಂದು ಹೆಜ್ಜೆಗೆ ಎರಡು ಮೂರು ಪದಗಳು ಸಾಕು: "ನಲ್ಲಿ ತಿರುಗಿಸು", "ಸೋಪು ಹಚ್ಚು". ಒಟ್ಟು ಒಂದು ನಿಮಿಷದೊಳಗೆ ಮುಗಿಯಲಿ. ಪ್ರತಿ ಹೆಜ್ಜೆಯದೂ ಒಂದೊಂದು ಸ್ಥಿರಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಮೂರನೆಯದಾಗಿ, ತೋರಿಸುವ ಹೊತ್ತು. ಊಟಕ್ಕೆ ಮುನ್ನ, ಕೈ ತೊಳೆಯಲೇಬೇಕಾದ ಸಮಯದಲ್ಲಿ ತೋರಿಸಿ. ನೋಡಿದೊಡನೆ ನಲ್ಲಿಯ ಬಳಿಗೆ ಕರೆದೊಯ್ಯಿರಿ. ಬೆಳಿಗ್ಗೆ ಸೋಫಾದ ಮೇಲೆ ಕುಳಿತು ನೋಡಿದ್ದು ಮಧ್ಯಾಹ್ನ ಬಚ್ಚಲಿನಲ್ಲಿ ನೆನಪಿಗೆ ಬರುವುದು ಕಷ್ಟ.

ನಾಲ್ಕನೆಯದಾಗಿ, ಕೊನೆಯಿಂದ ಕಲಿಸಿ. ಇದು ವಿಶೇಷ ಶಿಕ್ಷಕರು ಬಹುಕಾಲದಿಂದ ಬಳಸುತ್ತಿರುವ ಉಪಾಯ. ಮೊದಲ 8 ಹೆಜ್ಜೆಗಳನ್ನು ನೀವು ಕೈಹಿಡಿದು ಮಾಡಿಸಿ, ಕೊನೆಯದಾದ ಟವೆಲಿನಿಂದ ಒರೆಸುವುದನ್ನು ಮಾತ್ರ ಮಗುವಿಗೆ ಬಿಡಿ. ಕೆಲಸ ಮುಗಿಸಿದ ಸಂತೋಷ ಮೊದಲ ದಿನವೇ ಅದರದಾಗುತ್ತದೆ. ಅದು ಗಟ್ಟಿಯಾದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಮಾಡಿದೊಡನೆ ಮೆಚ್ಚಿಕೊಳ್ಳಿ. ಆ ಮಗುವಿಗೆ ಪ್ರಿಯವಾದುದನ್ನೇ ಕೊಡಿ. ಒಬ್ಬನಿಗೆ ಬೆನ್ನು ತಟ್ಟಿದರೆ ಖುಷಿ, ಇನ್ನೊಬ್ಬಳಿಗೆ ಗಿರಗಿಟ್ಟಲೆ ತಿರುಗಿಸಲು ಎರಡು ನಿಮಿಷ ಸಿಕ್ಕರೆ ಖುಷಿ.

ಐದನೆಯದಾಗಿ, ಪರದೆಯನ್ನು ಹಿಂದಕ್ಕೆ ಸರಿಸಿ. ವಿಡಿಯೋ ನೋಡದೆಯೇ ಮಗು ಹೆಚ್ಚಿನ ಹೆಜ್ಜೆಗಳನ್ನು ಮಾಡತೊಡಗಿದಾಗ, ನಲ್ಲಿಯ ಮೇಲೆ ಆ ಸ್ಥಿರಚಿತ್ರಗಳನ್ನು ಅಂಟಿಸಿ. ಆಮೇಲೆ ಒಂದೊಂದೇ ಚಿತ್ರ ತೆಗೆಯಿರಿ. ಅಜ್ಜಿಯ ಮನೆಯಲ್ಲಿ, ಶಾಲೆಯಲ್ಲಿ, ಬೇರೆ ಬಗೆಯ ನಲ್ಲಿಯಲ್ಲಿಯೂ ಮಾಡಿಸಿ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ಯುವುದೇ ಈ ಮಕ್ಕಳಿಗೆ ಕಠಿಣ. ಪರದೆಯ ಮೇಲೆ ಎಷ್ಟು ಅಂಕ ಬಂತೆಂಬುದು ಮುಖ್ಯವಲ್ಲ. ಪರದೆಯಿಲ್ಲದಾಗ ಮಗು ನಲ್ಲಿ ತಿರುಗಿಸಿತೇ? ಪರೀಕ್ಷೆ ಅದೊಂದೇ.

ಎಚ್ಚರಿಕೆಯ ಮಾತುಗಳು

ಮೊದಲನೆಯದಾಗಿ, ಕಲಿಸುವ ಫೋನು ಮಗುವನ್ನು ಸುಮ್ಮನಿರಿಸುವ ಫೋನಾಗದಿರಲಿ. 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಕಾರ್ಟೂನಿನತ್ತ ಬೆರಳು ಜಾರದಂತೆ ಒಂದೇ ಆ್ಯಪನ್ನು ಪರದೆಯ ಮೇಲೆ ನಿಲ್ಲಿಸುವ ವ್ಯವಸ್ಥೆ ಆಂಡ್ರಾಯ್ಡ್ ಫೋನಿನಲ್ಲಿಯೂ ಐಪ್ಯಾಡಿನಲ್ಲಿಯೂ ಇದೆ. ಅದನ್ನು ಬಳಸಿ.

ಎರಡನೆಯದಾಗಿ, ಮಗುವಿನ ಮಾನ. ಸ್ನಾನ, ಶೌಚ, ಬಟ್ಟೆ ಬದಲಿಸುವುದನ್ನು ಕಲಿಸಲು ಮಗುವಿನ ದೇಹವನ್ನಾಗಲಿ ಬೇರೆ ಯಾರ ದೇಹವನ್ನಾಗಲಿ ಎಂದಿಗೂ ಚಿತ್ರೀಕರಿಸಬೇಡಿ. ಅದಕ್ಕೆ ಗೆರೆಚಿತ್ರ ಅಥವಾ ಗೊಂಬೆ ಸಾಕು. ಕೈ ತೊಳೆಯುವ ವಿಡಿಯೋ ಕೂಡ ಮನೆಯ ಫೋನಿನಲ್ಲಿಯೇ ಇರಲಿ, ವಾಟ್ಸಾಪ್ ಗುಂಪುಗಳಿಗೆ ಹೋಗದಿರಲಿ.

ಮೂರನೆಯದಾಗಿ, ದೇಹದ ಕಷ್ಟವನ್ನು ಮೊದಲು ಪರಿಹರಿಸಿ. ಪುದೀನ ಪೇಸ್ಟು ಉರಿಯಾದರೆ ರುಚಿಯಿಲ್ಲದ ಪೇಸ್ಟು ಕೊಡಿ. ಹಲ್ಲುನೋವಿದೆಯೇ, ಮಲಬದ್ಧತೆಯಿದೆಯೇ ಎಂದು ವೈದ್ಯರಿಗೆ ತೋರಿಸಿ. ನೋವಿರುವ ಮಗುವಿಗೆ ಯಾವ ವಿಡಿಯೋವೂ ಕಲಿಸಲಾರದು. ಆಟಿಸಂ ವಾಸಿಮಾಡುತ್ತೇವೆಂದು ಹಣ ಕೇಳುವ ಜಾಹೀರಾತುಗಳನ್ನು ನಂಬಬೇಡಿ.

ಬೆಳೆದ ಮಕ್ಕಳ ವಿಷಯ

ಚಿಕ್ಕ ಮಗುವನ್ನು ಮೀಯಿಸುವುದು ಯಾರಿಗೂ ಕಷ್ಟವಲ್ಲ. ಹದಿನಾಲ್ಕು ವರ್ಷದ ಹುಡುಗನನ್ನು ತಾಯಿ ಇನ್ನೂ ಮೀಯಿಸಬೇಕಾಗಿ ಬಂದಾಗ ಇಬ್ಬರಿಗೂ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಹುಡುಗಿಯರಿಗೆ ಮುಟ್ಟಿನ ದಿನಗಳು ಬರುತ್ತವೆ. ಇದ್ದಕ್ಕಿದ್ದಂತೆ ರಕ್ತ ಕಂಡು ಆಕೆ ಗಾಬರಿಯಾಗುವ ಮೊದಲೇ, ಒಂದೆರಡು ವರ್ಷ ಮುಂಚಿನಿಂದ ಚಿತ್ರಗಳ ಕಥೆಯ ಮೂಲಕ ತಿಳಿಸಿ. ಗೊಂಬೆಯ ಒಳಉಡುಪಿಗೆ ಪ್ಯಾಡ್ ಅಂಟಿಸುವುದು, ಬದಲಿಸುವುದು, ಸುತ್ತಿ ಬುಟ್ಟಿಗೆ ಹಾಕುವುದು, ಇವನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಬಹುದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಯಾರು ಬೇಕಾದರೂ ಬಟ್ಟೆ ಬಿಚ್ಚಬಹುದು, ಯಾರು ಬೇಕಾದರೂ ಮುಟ್ಟಬಹುದು ಎಂಬ ರೂಢಿಯಲ್ಲಿ ಬೆಳೆದ ಮಗುವಿಗೆ ಒಳ್ಳೆಯ ಕೈ ಯಾವುದು, ಕೆಟ್ಟ ಕೈ ಯಾವುದು ತಿಳಿಯುವುದಿಲ್ಲ. ತನ್ನ ದೇಹವನ್ನು ತಾನೇ ತೊಳೆಯಬಲ್ಲ, ಬಾಗಿಲು ಹಾಕಿಕೊಳ್ಳಬಲ್ಲ, "ಬೇಡ" ಎಂಬ ಚಿತ್ರವನ್ನು ಮುಟ್ಟಬಲ್ಲ ಮಗು ಹೆಚ್ಚು ಸುರಕ್ಷಿತ. ಸ್ವಂತ ಆರೈಕೆ ಎಂದರೆ ಶುಚಿತ್ವವಷ್ಟೇ ಅಲ್ಲ, ಅದು ಮಗುವಿನ ಕಾವಲು.

ನೆರವು ಎಲ್ಲಿದೆ?

ಮಗುವಿನ ಬೆಳವಣಿಗೆಯಲ್ಲಿ ಸಂದೇಹ ಬಂದರೆ ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರಗಳ ವ್ಯವಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. 1999ರ ಕಾಯಿದೆಯಿಂದ ಸ್ಥಾಪನೆಯಾದ ರಾಷ್ಟ್ರೀಯ ನ್ಯಾಸವು 'ನಿರಾಮಯ' ಎಂಬ ಆರೋಗ್ಯ ವಿಮೆಯನ್ನು ಒಂದು ಲಕ್ಷ ರೂಪಾಯಿಯ ತನಕ ಒದಗಿಸುತ್ತದೆ. 18 ವರ್ಷ ದಾಟಿದವರಿಗೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸುವ ವ್ಯವಸ್ಥೆಯೂ ಆ ಕಾಯಿದೆಯಲ್ಲಿದೆ. ಯಾವ ಕೌಶಲದಿಂದ ಆರಂಭಿಸಬೇಕು, ಯಾವ ಆ್ಯಪ್ ಸೂಕ್ತ ಎಂಬುದನ್ನು ವಿಶೇಷ ಶಿಕ್ಷಕರನ್ನೋ ಆಕ್ಯುಪೇಷನಲ್ ಥೆರಪಿಸ್ಟರನ್ನೋ ಕೇಳಿ ನಿರ್ಧರಿಸುವುದು ಒಳ್ಳೆಯದು.

ನಮ್ಮ ಪಾಲು

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಇಂತಹ ಮಗುವಿಲ್ಲದಿರಬಹುದು. ಆದರೂ ಈ ಕೆಲಸದಲ್ಲಿ ನಿಮಗೊಂದು ಪಾಲಿದೆ. ಹಬ್ಬದ ದಿನ ಎಲ್ಲರೂ ಹೊಸಬಟ್ಟೆ ತೊಟ್ಟು ಹೊರಟಾಗ ಕೆಲವು ಮನೆಗಳಲ್ಲಿ ಒಬ್ಬರು ಹಿಂದೆ ಉಳಿಯುತ್ತಾರೆ. ಮಗು ಜನರ ನಡುವೆ ಶೌಚ ಮಾಡಿಕೊಂಡರೇನು ಗತಿ, ಊಟದ ಪಂಕ್ತಿಯಲ್ಲಿ ಅನ್ನ ಚೆಲ್ಲಿದರೆ ಯಾರೇನೆನ್ನುವರೋ ಎಂಬ ಅಂಜಿಕೆ ಅವರನ್ನು ಕಟ್ಟಿಹಾಕಿರುತ್ತದೆ. ಮಗು ಕಲಿಯುವುದು ಎಷ್ಟು ಅಗತ್ಯವೋ, ಕಲಿಯುವ ತನಕ ಸಹಿಸಿಕೊಳ್ಳುವ ನೆರೆಹೊರೆಯೂ ಅಷ್ಟೇ ಅಗತ್ಯ.

ಮುಂದಿನ ಸಲ ನಿಮ್ಮ ಮನೆಗೆ ಅಂತಹ ಒಂದು ಕುಟುಂಬ ಬಂದಾಗ, ತಾಯಿಯು ಮಗುವನ್ನು ಕೈತೊಳೆಯಲು ಕರೆದೊಯ್ದು ಫೋನಿನಲ್ಲಿ ಏನನ್ನೋ ತೋರಿಸುತ್ತಿದ್ದರೆ "ಇಲ್ಲಿಯೂ ಮೊಬೈಲೇ?" ಎನ್ನಬೇಡಿ. ಆಕೆ ಪಾಠ ಮಾಡುತ್ತಿದ್ದಾಳೆ. ಊಟ ತಣ್ಣಗಾದರೂ ಚಿಂತೆಯಿಲ್ಲ, ಮಗುವಿಗೆ ಬೇಕಾದಷ್ಟು ಸಮಯ ಕೊಡಿ. ಟವೆಲನ್ನು ಅದರ ಕೈಗೆಟುಕುವ ಹಾಗೆ ತೂಗುಹಾಕಿ, ಒರೆಸಿಕೊಳ್ಳುವುದನ್ನು ಅದಕ್ಕೇ ಬಿಡಿ.